‘ಫೀಲ್ಡ್ ಆಫ್ ವ್ಯೂ’ಗೆ ಫಲಕದ ಮೇಲೆ ಏನು ಬರೆಯೋಣ?

ಬಾಗಲಕೋಟೆಯಿಂದ:
ನಾಳೆ ಸಂಜೆ ಆರಕ್ಕೆ ಫಲಕ ಮುದ್ರಣಕ್ಕೆ ಹೋಗುತ್ತದೆ, ಶಬ್ದ ಇವತ್ತೇ ಬೇಕು. ವಿಜ್ಞಾನ ಪ್ರದರ್ಶನದಲ್ಲಿ ಕಣ್ಣಿಗೆ ಕಟ್ಟಿಕೊಂಡು ಕಂಪ್ಯೂಟರ್ ಕಟ್ಟಿದ ಲೋಕ ನೋಡುವ ಒಂದು ವಿಆರ್ ಹೆಡ್‌ಸೆಟ್ ಬಿಚ್ಚಿ, ಲೆನ್ಸು, ಪರದೆ ಬೇರೆಬೇರೆ ಇಟ್ಟು ತೋರಿಸುವುದಿದೆ. ಫಲಕದಲ್ಲಿ ನೆತ್ತಿಯ ಮೇಲಿಂದ ಕಂಡ ತಲೆ, ಅದರ ಮುಂದೆ ಬೀಸಣಿಗೆಯಂತೆ ತೆರೆದ ಎರಡು ಕೋನ. ದೊಡ್ಡದು ಬರಿಗಣ್ಣಿನದು, ಎರಡೂ ಕಣ್ಣು ಸೇರಿ ಅಡ್ಡಲಾಗಿ ಸುಮಾರು 200 ಡಿಗ್ರಿ. ಚಿಕ್ಕದು ಹೆಡ್‌ಸೆಟ್ಟಿನದು, ಸುಮಾರು 100. ತಲೆ ಅಲ್ಲಾಡಿಸದೆ ಒಮ್ಮೆಗೇ ಕಾಣುವ ಈ ಅಗಲಕ್ಕೆ ಇಂಗ್ಲಿಷಿನಲ್ಲಿ ‘ಫೀಲ್ಡ್ ಆಫ್ ವ್ಯೂ’ ಎನ್ನುತ್ತಾರೆ, ಕನ್ನಡದಲ್ಲಿ ಎರಡಕ್ಕೂ ಒಪ್ಪುವ ಒಂದೇ ಹೆಸರು ಬೇಕು. ಕರಡಿನಲ್ಲಿ ‘ದೃಷ್ಟಿಕ್ಷೇತ್ರ’ ಇದೆ, ‘ನೋಟಗೋನ’ ಮಾಡಿ ಎಂದು ಸೂಚನೆ ಬಂದಿದೆ. ಎಂಟನೇ ಇಯತ್ತೆಯವರು ನಿಂತು ಓದಬೇಕು. ಕೆಳಗೆ ‘ಇದನ್ನು ಅಗಲ ಮಾಡುವುದು ಏಕೆ ಕಷ್ಟ?’ ಎಂಬ ಪ್ರಶ್ನೆ. ಅದಕ್ಕೆ ಎರಡು ವಾಕ್ಯದ ಉತ್ತರವೂ ಬೇಕು.

ವಿಜಯಪುರದಿಂದ:
ಕೋನ ಹಚ್ಚಬೇಡಿ. ‘ದೃಷ್ಟಿಕೋನ’ ಆಗಲೇ ಅಭಿಪ್ರಾಯದ ಪಾಲಾಗಿದೆ. ‘ನೋಟಗೋನ’ ಎಂದರೆ ಟೀವಿ ಮಾರುವವರ ಅಳತೆ: ಪರದೆಯನ್ನು ಎಷ್ಟು ಓರೆಯಿಂದ ನೋಡಿದರೂ ಬಣ್ಣ ಕೆಡುವುದಿಲ್ಲ ಎಂಬುದು. ‘ದೃಷ್ಟಿಕ್ಷೇತ್ರ’ ಕಣ್ಣಿನ ಡಾಕ್ಟರರದು. ಗ್ಲಾಕೋಮಾ ಆದವರಿಗೆ ಕುಗ್ಗುತ್ತ ಬರುವುದು ಅದೇ. ಹೆಡ್‌ಸೆಟ್ಟಿಗೆ ದೃಷ್ಟಿಯೇ ಇಲ್ಲ. ‘ನೋಟದ ಹರವು’ ಎನ್ನಿ, ಬಿಡಿಸಿಯೇ ಬರೆಯಿರಿ. ಕೂಡಿಸಿ ‘ನೋಟಹರವು’ ಎಂದರೆ ಓದುವವರು ‘ನೋಟಹರ’ದ ಹತ್ತಿರ ತಡವರಿಸುತ್ತಾರೆ, ರೋಗಹರದ ಹಾಗೆ ನೋಟ ಕಳೆಯುವಂಥದ್ದು ಎಂದು.

ಬೆಳಗಾವಿಯಿಂದ:
ಹಳೆಯ ಪರಪು, ಆಮೇಲೆ ಹರಹು, ಈಗ ಹರವು. ಒಳ್ಳೆಯ ಶಬ್ದ, ಆದರೆ ಹೇಳುವುದು ವಿಸ್ತಾರವನ್ನು, ಕೋನವನ್ನಲ್ಲ. ತಮಿಳಿನ ಪರಪ್ಪು ವಿಸ್ತೀರ್ಣಕ್ಕೇ ನಿಂತಿದೆ. ಇನ್ನು ‘ನೋಟ’ ತೀರ ತೆಳು. ಇಡುವುದಾದರೆ ‘ದಿಟ್ಟಿಹರವು’ ಇಡಿ, ಪೂರ್ತಿ ಅಚ್ಚಗನ್ನಡವಾಗುತ್ತದೆ.

ಗೋಕಾಕದಿಂದ:
ಆಗುವುದಿಲ್ಲ. ದಿಟ್ಟಿ ದೃಷ್ಟಿಯ ತದ್ಭವ. ಕಾಣು, ನೋಡು, ನೋಟ ಇವು ನಮ್ಮವು.

ಬೆಳಗಾವಿಯಿಂದ:
ತದ್ಭವ ನಮ್ಮದೇ. ಸಂಸ್ಕೃತದ ಸಮಶಬ್ದ ಬಿಟ್ಟೇ ಕಾವ್ಯ ಬರೆದ ಆಂಡಯ್ಯನೂ ತದ್ಭವ ಬಿಡಲಿಲ್ಲ.

ವಿಜಯಪುರದಿಂದ:
ಹಾಗಾದರೆ ‘ನದರು’ ಏಕೆ ಹೊರಗೆ? ಅರಬ್ಬಿಯ ನಜರ್ ಈ ಭಾಗದ ಬಾಯಲ್ಲಿ ಸವೆದು ನದರು ಆಗಿದೆ. ‘ನದರಿಗೆ ಬಿತ್ತು’ ಎನ್ನದ ಮನೆ ನಮ್ಮಲ್ಲಿಲ್ಲ. ಸಂಸ್ಕೃತದ್ದು ಸವೆದರೆ ತದ್ಭವ ಎಂದು ಒಳಗೆ ಕರೆಯುವುದು, ಅರಬ್ಬಿಯದು ಸವೆದರೆ ಬಾಗಿಲಲ್ಲೇ ನಿಲ್ಲಿಸುವುದು ನ್ಯಾಯವಲ್ಲ. ಅರ್ಜಿ, ಜಿಲ್ಲೆ, ತಹಶೀಲ್ದಾರ ಇಲ್ಲದೆ ಒಂದು ಕಚೇರಿ ಪತ್ರ ಬರೆದು ತೋರಿಸಿ. ಫಲಕಕ್ಕೆ ನದರು ಇಡಿ ಎನ್ನುತ್ತಿಲ್ಲ, ಅಲ್ಲಿ ನದರು ತೆಗೆಯುವ ಅರ್ಥವೇ ಮುಂದೆ ಬರುತ್ತದೆ. ನನ್ನ ತಕರಾರು ಆ ನಿಯಮದ ಮೇಲೆ.

ಗೋಕಾಕದಿಂದ:
ಆ ಜಗಳ ಆಮೇಲೆ. ಕೇಳಿದವರಿಗೆ ನಾಳೆ ಫಲಕ ಬೇಕು. ಮೊದಲು ಕಷ್ಟ ಎಲ್ಲಿದೆ ನೋಡಿ, ಶಬ್ದ ತಾನೇ ತಿಳಿಯುತ್ತದೆ.

ಬಿಚ್ಚಿಟ್ಟ ಲೆನ್ಸಿಗೆ ಸ್ಕೇಲ್ ಹಿಡಿಯಿರಿ. ವ್ಯಾಸ 50 ಮಿ.ಮೀ. ಇದ್ದು ಕಣ್ಣು 15 ಮಿ.ಮೀ. ದೂರದಲ್ಲಿದ್ದರೆ ಲೆನ್ಸಿನ ಅಂಚಿನಿಂದ ಅಂಚಿಗೆ 118 ಡಿಗ್ರಿ ಸಿಗುತ್ತದೆ. ಕನ್ನಡಕಕ್ಕೆ ಜಾಗ ಬಿಡಲು ಕಣ್ಣು 25 ಮಿ.ಮೀ. ದೂರ ಹೋದರೆ ಅದೇ ಲೆನ್ಸಿನಲ್ಲಿ 90. ದೊಡ್ಡ ಲೆನ್ಸು ಹಾಕೋಣವೆಂದರೆ ಮೂಗು ಅಡ್ಡ ಬರುತ್ತದೆ. ವಯಸ್ಕರ ಎರಡು ಪಾಪೆಗಳ ನಡುವೆ ಸುಮಾರು 63 ಮಿ.ಮೀ. ಅಂತರ, ಅದಕ್ಕಿಂತ ಅಗಲದ ಗುಂಡು ಲೆನ್ಸುಗಳನ್ನು ಪಾಪೆಗೆ ಸರಿಯಾಗಿ ಕೂರಿಸಿದರೆ ಒಂದಕ್ಕೊಂದು ಬಡಿಯುತ್ತವೆ. ಹೊರಬದಿಗೆ ಮಾತ್ರ ಹಿಗ್ಗಿಸಲು ಸಾಧ್ಯ. ಆ ಅಂಚಿನಲ್ಲೇ ನೇರ ಗೆರೆ ಬಾಗುತ್ತದೆ, ಬಣ್ಣ ಒಡೆಯುತ್ತದೆ. ಸಾಫ್ಟ್‌ವೇರ್ ಚಿತ್ರವನ್ನು ಮೊದಲೇ ತಿರುವುಮುರುವಾಗಿ ಬಾಗಿಸಿ ಇದನ್ನು ತಿದ್ದುತ್ತದೆ, ಆದರೆ ತಿದ್ದುಪಡಿ ನೇರ ನೋಡುವ ಕಣ್ಣಿಗೆ ಲೆಕ್ಕ ಹಾಕಿದ್ದು. ಕಣ್ಣುಗುಡ್ಡೆ ಬದಿಗೆ ಹೊರಳಿದ ಕೂಡಲೇ ಗೋಡೆಗಳು ಈಜಿದಂತೆ ಕಾಣುತ್ತವೆ. ತಲೆಸುತ್ತಿಗೆ ಅದೊಂದು ಕಾರಣ.

ಮೈಮೇಲೆ ಉಂಗುರದಂಥ ಗೀರುಗಳಿರುವ ಫ್ರೆನೆಲ್ ಲೆನ್ಸು ತೆಳು, ಹಗುರ. ಆದರೆ ಅದರ ಗೀರುಗಳಲ್ಲಿ ಬೆಳಕು ಚದುರಿ, ಕಪ್ಪಿನ ಮೇಲಿನ ಬಿಳಿ ಅಕ್ಷರಕ್ಕೆ ಕಿರಣದ ಬಾಲ ಮೂಡುತ್ತದೆ. ಬೆಳಕನ್ನು ಒಳಗೇ ಹಿಂದೆಮುಂದೆ ಪುಟಿಸಿ ದಾರಿ ಮಡಚುವ ಪ್ಯಾನ್‌ಕೇಕ್ ಲೆನ್ಸಿನಲ್ಲಿ ಆ ತೊಂದರೆ ಕಡಿಮೆ, ಆದರೆ ಬೆಳಕು ಅರೆಗನ್ನಡಿಗೆ ಎರಡು ಸಲ ಬಡಿದು ಪ್ರತಿ ಸಲ ಅರ್ಧ ಕಳೆದುಕೊಳ್ಳುವುದರಿಂದ ಕಾಲುಭಾಗವೂ ಕಣ್ಣಿಗೆ ಮುಟ್ಟುವುದಿಲ್ಲ.

ಈಗ ಪಿಕ್ಸೆಲ್, ಎಂದರೆ ಪರದೆಯ ಚಿತ್ರ ಕಟ್ಟುವ ಚುಕ್ಕೆ. ಒಂದು ಕಣ್ಣಿಗೆ ಅಡ್ಡಲಾಗಿ 2000 ಪಿಕ್ಸೆಲ್ ಇವೆ ಅನ್ನಿ. 100 ಡಿಗ್ರಿಗೆ ಹರವಿದರೆ ಡಿಗ್ರಿಗೆ 20, 150ಕ್ಕೆ ಹರವಿದರೆ ಸುಮಾರು 13. ಆರೋಗ್ಯವಂತ ಕಣ್ಣಿನ ನಡುಭಾಗ ಡಿಗ್ರಿಗೆ ಸುಮಾರು 60ನ್ನು ಬಿಡಿಯಾಗಿ ಗುರುತಿಸುತ್ತದೆ. ಅಂಗಳದಲ್ಲಿ ಜೋಳ ಹರವಿದ ಹಾಗೆ: ಕಾಳು ಇದ್ದಷ್ಟೇ, ಅಂಗಳ ದೊಡ್ಡದಾದಷ್ಟು ತೆಳುವಾಗಿ ನೆಲ ಕಾಣುತ್ತದೆ. ಹರವು ನಾಮಪದವೂ ಹೌದು, ಕ್ರಿಯಾಪದವೂ ಹೌದು. ಇಲ್ಲಿ ಎರಡೂ ಬೇಕು. ‘ಕ್ಷೇತ್ರ’ದಿಂದ ಈ ಮಾತು ಹೊರಡುವುದಿಲ್ಲ.

ಬೆಳಗಾವಿಯಿಂದ:
ಜೋಳದ ಮಾತು ಒಪ್ಪಿದೆ. ಆದರೂ ವಿಸ್ತಾರ ಬೇರೆ, ಕೋನ ಬೇರೆ, ಅದು ಬರಿಯ ವ್ಯಾಕರಣವಲ್ಲ. ಚಪ್ಪಟೆ ಚಿತ್ರ 100 ಡಿಗ್ರಿಯಿಂದ 160ಕ್ಕೆ ಹೋದರೆ ಕೋನ 1.6 ಪಟ್ಟು, ಚಿತ್ರದ ಅಗಲ ನಾಲ್ಕೂಮುಕ್ಕಾಲು ಪಟ್ಟು. ಅಗಲ ಬೆಳೆಯುವುದು ಅರ್ಧಕೋನದ ಟ್ಯಾಂಜೆಂಟ್ ಹಿಡಿದು: 50ಕ್ಕೆ 1.19, 80ಕ್ಕೆ 5.67. ಒಟ್ಟು 180 ಆದರೆ ಅಗಲಕ್ಕೆ ಕೊನೆಯೇ ಇಲ್ಲ. ಅದಕ್ಕೇ ಅಗಲದ ಹೆಡ್‌ಸೆಟ್ಟುಗಳಲ್ಲಿ ಪರದೆಗಳನ್ನು ಹೊರಕ್ಕೆ ಓರೆಯಾಗಿ ಕೂರಿಸುತ್ತಾರೆ. ಎರಡೂ ಪರದೆ ಒಂದೇ ಸಮತಲದಲ್ಲಿವೆ ಎಂದು ನಂಬಿ ಬರೆದ ಹಳೆಯ ಆಟಗಳು ಅಲ್ಲಿ ಕೆಡುತ್ತವೆ. ಸರಿಪಡಿಸುವ ಸೆಟ್ಟಿಂಗ್ ಹೆಚ್ಚು ಚಿತ್ರ ಬಿಡಿಸಿ ಕತ್ತರಿಸಿ ಎಸೆಯುವುದರಿಂದ ಗ್ರಾಫಿಕ್ಸ್ ಕಾರ್ಡಿಗೆ ಭಾರ. ಆದ್ದರಿಂದ ಹರವು ಬರೆದಲ್ಲೆಲ್ಲ ಪಕ್ಕದಲ್ಲಿ ಡಿಗ್ರಿ ಇರಲೇಬೇಕು.

ವಿಜಯಪುರದಿಂದ:
ಡಿಗ್ರಿ ಸರಿ, ಆದರೆ ಹೆಡ್‌ಸೆಟ್ಟಿನ ಪೆಟ್ಟಿಗೆಯ ಮೇಲಿನ ‘360’ ಡಿಗ್ರಿ ಫಲಕಕ್ಕೆ ತರಬೇಡಿ. ಅದು ತಲೆ ತಿರುಗಿಸಿ ಸುತ್ತ ನೋಡುವುದರ ಲೆಕ್ಕ. ಅದಕ್ಕೆ ‘ಸುತ್ತುನೋಟ’ ಸಾಕು. ತಲೆ ಅಲ್ಲಾಡಿಸದೆ ಸಿಗುವುದಷ್ಟೇ ‘ನೋಟದ ಹರವು’. ಮಕ್ಕಳು ಮೊದಲು ಕೇಳುವ ಪ್ರಶ್ನೆ ಇದೇ ಆಗಿರುತ್ತದೆ.

ಬಾಗಲಕೋಟೆಯಿಂದ:
ಹೀಗೆ ಹೋಗುತ್ತದೆ. ಚಿತ್ರದ ಮೇಲೆ: ‘ನೋಟದ ಹರವು, ತಲೆ ಅಲ್ಲಾಡಿಸದೆ: ಕಣ್ಣಿಗೆ ಸುಮಾರು 200 ಡಿಗ್ರಿ, ಹೆಡ್‌ಸೆಟ್ಟಿನಲ್ಲಿ ಸುಮಾರು 100 ಡಿಗ್ರಿ.’ ಕೆಳಗೆ: ‘ಹರವು ಹೆಚ್ಚಿಸಲು ಲೆನ್ಸು ದೊಡ್ಡದಾಗಬೇಕು ಇಲ್ಲವೇ ಕಣ್ಣಿಗೆ ಹತ್ತಿರ ಬರಬೇಕು; ಮೂಗು, ಕನ್ನಡಕ ಎರಡಕ್ಕೂ ಅಡ್ಡ. ಇದ್ದ ಪಿಕ್ಸೆಲ್‌ಗಳನ್ನೇ ಹೆಚ್ಚು ಹರವಿದರೆ ಚಿತ್ರ ಒರಟಾಗುತ್ತದೆ.’

ಬೆಳಗಾವಿಯಿಂದ:
ಫಲಕಕ್ಕೆ ಒಪ್ಪಿಗೆ. ತದ್ಭವ ನಮ್ಮದಲ್ಲ ಎಂಬ ಮಾತಿಗೆ ಒಪ್ಪಿಗೆಯಿಲ್ಲ, ಬೇರೆ ಪತ್ರದಲ್ಲಿ ಬರೆಯುತ್ತೇನೆ.

ವಿಜಯಪುರದಿಂದ:
ಬರೆಯುವಾಗ ನದರನ್ನೂ ಸೇರಿಸಿಕೊಂಡು ಬರೆಯಿರಿ.