ಸಹಾಯ ಬೇಕು: ಮಂಡಿನೋವಿಗೆ ಲೇಸರ್ ಅಕ್ಯುಪಂಕ್ಚರ್ ಪೆನ್

ಎಲ್ಲರಿಗೂ ನಮಸ್ಕಾರ. ನಮ್ಮದು ಕೋಲಾರದ ಹತ್ತಿರ ಒಂದು ಹಳ್ಳಿ. ಅತ್ತೆಗೆ 62 ವರ್ಷ, ಟೊಮೆಟೊ ತೋಟದಲ್ಲಿ ದುಡಿದು ದುಡಿದು ಮಂಡಿ ಸವೆದಿದೆ. ಸೂಜಿ ಅಂದರೆ ಮಾರುದೂರ ಓಡುತ್ತಾರೆ. ಅದಕ್ಕೇ ನಮ್ಮ ಯಜಮಾನರು ಲೇಸರ್ ಪೆನ್ ತರಿಸಿದ್ದಾರೆ. ಅಕ್ಯುಪಂಕ್ಚರ್‌ನಲ್ಲಿ ಮೈಮೇಲಿನ ಕೆಲವು ಬಿಂದುಗಳಿಗೆ ಸೂಜಿ ಚುಚ್ಚುತ್ತಾರಲ್ಲ, ಚುಚ್ಚುವ ಬದಲು ಅದೇ ಜಾಗಕ್ಕೆ ಕೆಂಪು ಬೆಳಕು ಹಿಡಿಯುವುದು, ಅಷ್ಟೆ. ಮೇಲೆ 650 ನ್ಯಾನೊಮೀಟರ್, 5 ಮಿಲಿವ್ಯಾಟ್ ಅಂತಿದೆ.

ಮಂಡಿಚಿಪ್ಪಿನಿಂದ ನಾಲ್ಕು ಬೆರಳು ಕೆಳಗೆ, ಕಾಲಿನ ಹೊರಬದಿಗೆ ಇರುವ ಬಿಂದು ಮಾತ್ರ ನನಗೆ ಗೊತ್ತು. ಅಲ್ಲಿ ಎಷ್ಟು ಸೆಕೆಂಡ್ ಹಿಡಿಯಬೇಕು? ಅತ್ತೆಗೆ ಶುಗರ್ ಕೂಡ ಇದೆ, ಪಾದ ಜೋಮು ಹಿಡಿದಂತಿರುತ್ತದೆ. ಪರವಾಗಿಲ್ವಾ? ಕಣ್ಣಿಗೆ ಬಿದ್ದರೆ ಅಪಾಯ ಅಂತ ಪೆನ್ನನ್ನು ಬೀರುವಿನಲ್ಲಿ ಬೀಗ ಹಾಕಿ ಇಟ್ಟಿದ್ದೇನೆ. (ನನ್ನ ಮಗ ಆಗಲೇ ಬೆಕ್ಕಿನ ಮೇಲೆ ಬಿಟ್ಟು ನೋಡಿದ್ದ!)

ನಿಜ ಹೇಳಬೇಕಂದ್ರೆ, ರಾತ್ರಿ ಮಲಗಿ ಕಾಲ್ಬೆರಳಿನಿಂದ ನೆತ್ತಿವರೆಗೆ ಮೈಯನ್ನು ಒಂದೊಂದೇ ಭಾಗ ಗಮನಿಸುವುದೇ ಅತ್ತೆಗೆ ಜಾಸ್ತಿ ಹಿಡಿಸಿದೆ. "ನೋವು ಬಂದಾಗ ಹಲ್ಲು ಕಚ್ಕೊಂಡಿರ್ತೀನಿ ಅಂತ ಈಗ ಗೊತ್ತಾಯ್ತು ಕಣಮ್ಮ" ಅಂದರು. ಡಾಕ್ಟರ್ ಕೊಟ್ಟ ಮಾತ್ರೆ ನಿಲ್ಲಿಸಿಲ್ಲ.

ಕೋಲಾರ, ಮುಳಬಾಗಿಲು ಕಡೆ ಲೇಸರ್ ಅಕ್ಯುಪಂಕ್ಚರ್ ಸರಿಯಾಗಿ ಕಲಿತ ಫಿಸಿಯೋಥೆರಪಿಸ್ಟ್ ಯಾರಾದರೂ ಗೊತ್ತಾ? ಪೆನ್ ಮಾರುವವರು ಸುಮ್ನೆ ಮೆಸೇಜ್ ಮಾಡಬೇಡಿ, ದಯವಿಟ್ಟು.