ಗುರುಗಳ ವರ್ಗಾವಣೆ: ಬಿಷಪರ ಆದೇಶವೆಲ್ಲ ದೇವರ ಚಿತ್ತವೇ?

ಪ್ರಶ್ನೆ: ನಮಸ್ಕಾರ ಫಾದರ್. ನಮ್ಮ ವಿಚಾರಣಾ ಗುರುಗಳಿಗೆ (ನಮ್ಮ ಚರ್ಚು ನೋಡಿಕೊಳ್ಳುವ ಪಾದ್ರಿಗೆ) ಇದ್ದಕ್ಕಿದ್ದಂತೆ ವರ್ಗಾವಣೆ ಆಗಿದೆ. ಅವರಿಗೆ ಹೋಗಲು ಮನಸ್ಸಿಲ್ಲ. ‘ಬಿಷಪರು ಹೇಳಿದ್ದೇ ದೇವರ ಚಿತ್ತ, ಬಾಯಿ ಮುಚ್ಕೊಂಡಿರಿ’ ಅಂತ ಹಿರಿಯರು. ಭಾನುವಾರ ಚರ್ಚಿಗೆ ಬೀಗ ಹಾಕೋಣ ಅಂತ ಹುಡುಗರು. ಯಾವುದು ಸರಿ?

ಉತ್ತರ (ಧರ್ಮಸಭೆಯ ಕಾನೂನು ಕಲಿಸುವ ಗುರು): ಎರಡೂ ಅಲ್ಲ. ಬಿಷಪರಿಗೆ ಅಧಿಕಾರ ಇದೆ. ಆದರೆ ಅವರು ಸಹಿ ಹಾಕಿದ ಕಾಗದವೆಲ್ಲ ಸ್ವರ್ಗದಿಂದ ಇಳಿದದ್ದಾಗಿದ್ದರೆ ಮೇಲ್ಮನವಿಗೆ ದಾರಿಯೇ ಇರುತ್ತಿರಲಿಲ್ಲ, ಅಲ್ವಾ?

ಕಥೋಲಿಕ ಧರ್ಮಸಭೆಯ 1983ರ ಕಾನೂನು ಸಂಹಿತೆ ನೋಡಿ. ಚೆನ್ನಾಗಿ ನಡೆಸುತ್ತಿರುವ ಗುರುವನ್ನು ಬೇರೆಡೆ ಕಳಿಸಬೇಕಾದರೆ ಬಿಷಪರು ಮೊದಲು ಬರೆದು ತಿಳಿಸಿ ಮನವೊಲಿಸಬೇಕು. ಗುರು ಒಪ್ಪದಿದ್ದರೆ ಕಾರಣ ಬರೆದುಕೊಡಬೇಕು. ಆ ಕಾರಣಗಳನ್ನು ಬಿಷಪರು ಇನ್ನಿಬ್ಬರು ವಿಚಾರಣಾ ಗುರುಗಳ ಜೊತೆ ಕೂತು ತೂಗಿ ನೋಡಬೇಕು. ಆಮೇಲೂ ಕಳಿಸಲೇಬೇಕು ಅನ್ನಿಸಿದರೆ ತಂದೆಯಂತೆ ಮತ್ತೊಮ್ಮೆ ತಿಳಿಹೇಳಬೇಕು. ಅದೂ ಆಗದಿದ್ದರೆ ಆದೇಶ. ದೇವರ ಚಿತ್ತ ಹುಡುಕುವುದು ಅಂದರೆ ಬರೀ ಮೊಣಕಾಲೂರುವುದಲ್ಲ, ಎದುರಿನವರ ಮಾತಿಗೆ ಕಿವಿಗೊಡುವುದೂ ಹೌದು.

ಬಿಷಪರು ತಪ್ಪಿದ್ದೂ ಉಂಟು. 1871ರಲ್ಲಿ ಆಸ್ಟ್ರೇಲಿಯಾದ ಅಡಿಲೇಡಿನ ಬಿಷಪ್ ಶೀಲ್ ಅವರು ಸಿಸ್ಟರ್ ಮೇರಿ ಮೆಕಿಲಪ್ ಅವರನ್ನು, ಮಾತು ಕೇಳಲಿಲ್ಲವೆಂದು ಬಹಿಷ್ಕರಿಸಿದರು. ಆಕೆ ಜನರನ್ನು ಎತ್ತಿಕಟ್ಟಲಿಲ್ಲ. ಮರುವರ್ಷ ಸಾಯುವ ಮುನ್ನ ಶೀಲ್ ಅವರೇ ಬಹಿಷ್ಕಾರ ತೆಗೆದರು. ಹಾಗಂತ ಮೇರಿ ಸುಮ್ನೆ ಕೂರಲೂ ಇಲ್ಲ. 1873ರಲ್ಲಿ ಪೋಪರಿರುವ ರೋಮಿಗೆ ಹೋಗಿ ತಮ್ಮ ಸನ್ಯಾಸಿನಿಯರ ಸಭೆಯ ನಿಯಮಗಳಿಗೆ ಒಪ್ಪಿಗೆ ಕೇಳಿದರು. ಸಭೆಗೆ ಆಸ್ತಿ ಇರಬಾರದೆಂಬ ಬಡತನದ ನಿಯಮವನ್ನು ರೋಮ್ ಬದಲಿಸಿದಾಗ ಒಪ್ಪಿಕೊಂಡರು, ಇಷ್ಟವಿಲ್ಲದಿದ್ದರೂ. 2010ರಲ್ಲಿ ಸಂತರಾದರು.

ಮನಸ್ಸು ಕದಡಿದಾಗ ಹಿಂದಿನ ತೀರ್ಮಾನ ಬದಲಿಸಬೇಡಿ ಅಂತ ಯೇಸು ಸಭೆ ಕಟ್ಟಿದ ಸಂತ ಇಗ್ನೇಷಿಯಸ್ ಹೇಳಿದ್ದಾರೆ. ಬೀಗ ತರುವ ಹುಡುಗರಿಗೆ ಇದನ್ನು ಹೇಳಿ. ಬಿಷಪರ ಮೇಲಿನ ಸಿಟ್ಟಿಗೋ ಗುರುಗಳ ಮೇಲಿನ ಪ್ರೀತಿಗೋ ಭಾನುವಾರದ ಪೂಜೆ ತಪ್ಪಿಸುವುದು ಯಾವ ನ್ಯಾಯ?

ಪ್ರಶ್ನೆ: ಹಾಗಾದರೆ ನಾವು ಬಿಷಪರಿಗೆ ಬರೆಯಬಹುದಾ? ತಪ್ಪು ತಿಳ್ಕೊಳ್ಳಲ್ವಾ?

ಉತ್ತರ: ಧಾರಾಳವಾಗಿ ಬರೆಯಿರಿ. ಅನಿಸಿಕೆ ತಿಳಿಸುವುದು ವಿಶ್ವಾಸಿಗಳ ಹಕ್ಕು, ಕೆಲವೊಮ್ಮೆ ಕರ್ತವ್ಯವೂ ಹೌದು ಅನ್ನುತ್ತದೆ ಅದೇ ಸಂಹಿತೆಯ 212ನೇ ನಿಯಮ. ಗೌರವ ಬಿಡಬೇಡಿ ಅಷ್ಟೇ. ‘ನಮ್ಮ ಫಾದರ್ ತುಂಬಾ ಒಳ್ಳೆಯವರು’ ಅಂತ ನೂರು ಸಹಿ ಹಾಕಿಸುವ ಬದಲು, ಅವರು ಹೋದರೆ ಯಾವ ಕೆಲಸ ಅರ್ಧಕ್ಕೆ ನಿಲ್ಲುತ್ತದೆ ಅಂತ ಒಂದು ಪುಟದಲ್ಲಿ ಬರೆಯಿರಿ.

ಆದೇಶ ಕೈಸೇರಿದ್ದರೆ ಗುರುಗಳು ತಡಮಾಡಬಾರದು. ಬದಲಿಸಿ ಎಂದು ಬಿಷಪರನ್ನೇ ಬರಹದಲ್ಲಿ ಕೇಳಲು ಇರುವುದು 10 ದಿನ. ಆಮೇಲೆ ರೋಮಿಗೆ ಮೇಲ್ಮನವಿ. ಅದು ತೀರ್ಮಾನವಾಗುವವರೆಗೆ ಬಿಷಪರು ನಿಮ್ಮ ಚರ್ಚಿಗೆ ಹೊಸ ವಿಚಾರಣಾ ಗುರುವನ್ನು ನೇಮಿಸುವಂತಿಲ್ಲ. ತಾತ್ಕಾಲಿಕವಾಗಿ ಒಬ್ಬ ಆಡಳಿತ ಗುರುವನ್ನು ಇಡಬಹುದು.