ಪಿಎಚ್‌ಡಿ ಇಲ್ದೆ ಸಂಶೋಧನೆಗೆ ಫೆಲೋಶಿಪ್ ಸಿಗುತ್ತಾ?

ಪ್ರಶ್ನೆ (ಚಳ್ಳಕೆರೆಯಿಂದ):
ಮೇಡಂ ನಮಸ್ಕಾರ. ನಾನು ಕನ್ನಡ ಎಂಎ, ಡಿಗ್ರಿ ಕಾಲೇಜಲ್ಲಿ ಅತಿಥಿ ಉಪನ್ಯಾಸಕ, ವಯಸ್ಸು 34, ಪಿಎಚ್‌ಡಿ ಇಲ್ಲ. ನಮ್ಮ ಕಡೆಯ ಮ್ಯಾಸನಾಯಕ ಬುಡಕಟ್ಟಿನೋರ ದೇವರ ಎತ್ತು, ಅವನ್ನ ಕಾಯೋ ಕಿಲಾರಿಗಳು ಹೇಳೋ ಹಾಡು-ಕಥೆ, ಇದರ ಮೇಲೆ ಕೆಲಸ ಮಾಡ್ಬೇಕು ಅಂತ ಬಾಳ ಆಸೆ ಐತೆ. ಫೋನಲ್ಲಿ ಒಂದಷ್ಟು ರೆಕಾರ್ಡ್ ಮಾಡ್ಕೊಂಡಿದೀನಿ, ಆದ್ರೆ ಓಡಾಡಕ್ಕೆ ದುಡ್ಡಿಲ್ಲ, ರಜೆ ಬಂದ್ರೆ ಸಂಬಳನೂ ಇಲ್ಲ. ಅಮೆರಿಕದಲ್ಲಿರೋ ಸಂಬಂಧಿಕರೊಬ್ರು ಅಲ್ಲಿ ಎನ್‌ಇಎಚ್ ಅಂತ ಐತೆ, ಒಬ್ಬೊಬ್ರಿಗೇ 60,000 ಡಾಲರ್ ಕೊಡ್ತಾರೆ, ಹಾಕು ಅಂತಾರೆ. ನನ್ನಂಥೋರಿಗೆ ಯಾವುದು ಆಗುತ್ತೆ? ಪ್ರಪೋಸಲ್‌ಗೆ ‘ಚಿತ್ರದುರ್ಗ ಜಿಲ್ಲೆಯ ಬುಡಕಟ್ಟು ಸಂಸ್ಕೃತಿ: ಒಂದು ಸಮಗ್ರ ಅಧ್ಯಯನ’ ಅಂತ ಹೆಸರಿಟ್ಟಿದೀನಿ.

ಉತ್ತರ (ನಿವೃತ್ತ ಇತಿಹಾಸ ಪ್ರಾಧ್ಯಾಪಕಿ, ದಾವಣಗೆರೆ):
ನಮಸ್ಕಾರ ರೀ. ಮೊದ್ಲು ಎನ್‌ಇಎಚ್ ಮಾತು ಮುಗಿಸಿಬಿಡೋಣ. ಅದು ನ್ಯಾಷನಲ್ ಎಂಡೋಮೆಂಟ್ ಫಾರ್ ದಿ ಹ್ಯುಮಾನಿಟೀಸ್, ಸಾಹಿತ್ಯ-ಇತಿಹಾಸದಂಥ ವಿಷಯಕ್ಕೆ ದುಡ್ಡು ಕೊಡೋ ಅಮೆರಿಕ ಸರ್ಕಾರದ ಸಂಸ್ಥೆ, 1965ರಲ್ಲಿ ಶುರುವಾಗಿದ್ದು. ಅದರ ಫೆಲೋಶಿಪ್ ತಿಂಗಳಿಗೆ 5,000 ಡಾಲರಿನಂತೆ ಆರರಿಂದ ಹನ್ನೆರಡು ತಿಂಗಳಿಗೆ, ಆದ್ರೆ ಅಲ್ಲಿನ ನಾಗರಿಕರಿಗೆ, ಇಲ್ಲಾಂದ್ರೆ ಮೂರು ವರ್ಷ ಅಲ್ಲೇ ವಾಸ ಇದ್ದೋರಿಗೆ ಮಾತ್ರ. 2025ರ ಏಪ್ರಿಲ್‌ನಲ್ಲಿ ಅಲ್ಲಿ ಕೊಟ್ಟಿದ್ದ ಅನುದಾನಗಳನ್ನೇ ರಾಶಿ ರಾಶಿ ರದ್ದು ಮಾಡಿದ್ರು, ಪಾಪ ಅಲ್ಲಿನ ವಿದ್ವಾಂಸರಿಗೂ ಬಾಳ ಹೊಡೆತ ಬಿತ್ತು. ಅದನ್ನ ಬಿಡ್ರಿ.

ನಿಮಗೆ ಹೊಂದೋದು ಕೇಂದ್ರ ಸಂಸ್ಕೃತಿ ಮಂತ್ರಾಲಯದ ಜೂನಿಯರ್ ಫೆಲೋಶಿಪ್, ಅದೇ ಮಂತ್ರಾಲಯದ ಸಿಸಿಆರ್‌ಟಿ ಅನ್ನೋ ಸಂಸ್ಥೆ ಮೂಲಕ ಕೊಡ್ತಾರೆ. 25ರಿಂದ 40 ವಯಸ್ಸಿನೋರಿಗೆ ಜೂನಿಯರ್, ತಿಂಗಳಿಗೆ 10,000 ರೂಪಾಯಿ, 40 ದಾಟಿದೋರಿಗೆ ಸೀನಿಯರ್, 20,000 ರೂಪಾಯಿ, ಎರಡೂ 2 ವರ್ಷಕ್ಕೆ. ಡಿಗ್ರಿ ಆಗಿದ್ರೆ ಸಾಕು, ಪಿಎಚ್‌ಡಿ ಕೇಳಲ್ಲ, ಜಾನಪದಕ್ಕೂ ಜಾಗ ಐತಿ. ದುಡ್ಡು ತಿಂಗಳ ಸಂಬಳದ ಥರ ಬರಲ್ಲ, ಆರು ತಿಂಗಳಿಗೊಂದು ಕಂತು, ಅಂದ್ರೆ ನಿಮಗೆ 60,000 ರೂಪಾಯಿ, ರಿಪೋರ್ಟ್ ಕಳಿಸಿ ಅದು ಒಪ್ಪಿಗೆ ಆದ್ಮೇಲೇನೆ ಮುಂದಿನ ಕಂತು, ಹಾಗಾಗಿ ಮನೆ ಖರ್ಚನ್ನ ಅದರ ಮೇಲೆ ಇಟ್ಕೋಬೇಡ್ರಿ. ವರ್ಕ್‌ಶಾಪ್ ಮಾಡಕ್ಕೆ, ಸೆಮಿನಾರ್ ಮಾಡಕ್ಕೆ, ಆತ್ಮಕಥೆ ಕಾದಂಬರಿ ಬರೆಯಕ್ಕೆ ಅದನ್ನ ಕೊಡಲ್ಲ, ಪ್ರಪೋಸಲ್‌ನಲ್ಲಿ ಅಂಥ ಮಾತು ತರ್ಬೇಡ್ರಿ.

ಇತಿಹಾಸ ಸಂಶೋಧನಾ ಪರಿಷತ್ತಿನ (ಐಸಿಎಚ್‌ಆರ್) ಜೂನಿಯರ್ ರಿಸರ್ಚ್ ಫೆಲೋಶಿಪ್ ಪಿಎಚ್‌ಡಿಗೆ ರಿಜಿಸ್ಟರ್ ಆದೋರಿಗೆ. ಶಿಮ್ಲಾದ ಉನ್ನತ ಅಧ್ಯಯನ ಸಂಸ್ಥೆ ಬಾಳ ಒಳ್ಳೇದು, ಆದ್ರೆ ಅಲ್ಲೇ ಹೋಗಿ ಇದ್ದು ಬರೀಬೇಕು. ನಿಮ್ಮ ಕೆಲಸ ಇನ್ನೂ ರೊಪ್ಪದಲ್ಲೇ, ಎತ್ತು ಕೂಡೋ ದೊಡ್ಡಿಯಲ್ಲೇ ಐತಿ, ಈಗಲೇ ಬೇಡ.

ಇನ್ನು ನಿಮ್ಮ ಟೈಟಲ್. ‘ಸಮಗ್ರ ಅಧ್ಯಯನ’ ತೆಗೀರಿ. ಈ ಹೆಸರಿನ ಅರ್ಜಿ ನಾನು ಓದಿದಷ್ಟು ಯಾರೂ ಓದಿರಲ್ಲ, ಒಳಗೆ ಒಳ್ಳೆ ಕೆಲಸ ಇದ್ರೂ ಕಾಣೋದೇ ಇಲ್ಲ, ಹತ್ತಾರು ಅರ್ಜಿ ನಡುವೆ ಓದೋರಿಗೆ ಇವರು ಏನು ಕಂಡುಹಿಡಿಯಕ್ಕೆ ಹೊರಟಿದಾರೆ ಅನ್ನೋದು ಮೊದಲ ಪುಟದಲ್ಲೇ ಸಿಗ್ಬೇಕು. ನಿಮ್ಮ ಹತ್ರ ವಿಷಯ ಐತಿ, ಪ್ರಶ್ನೆ ಇಲ್ಲ.

ಚಳ್ಳಕೆರೆ: ಪ್ರಶ್ನೆ ಅಂದ್ರೆ ಹೆಂಗೆ ಮೇಡಂ? ಹಾಡು ಸಂಗ್ರಹ ಮಾಡೋದೇ ಸಾಲಲ್ವಾ?

ಉತ್ತರ:
ಸಂಗ್ರಹ ಬೇಕೇ ಬೇಕು, ಆದ್ರೆ ಅಷ್ಟಕ್ಕೇ ನಿಲ್ಲಿಸ್ಬೇಡ್ರಿ. ನಿಮ್ಮೂರ ಸುತ್ತಲೇ ನೋಡ್ರಿ. ಮೈಸೂರು ಅರಸರ ಕಾಲದಲ್ಲಿ ಅರಮನೆ ದನ ಸಾಕೋ ಇಲಾಖೆ ಬೆಣ್ಣೆ ಚಾವಡಿ, ಟಿಪ್ಪು ಅದಕ್ಕೆ ಅಮೃತ್ ಮಹಲ್ ಅಂತ ಹೆಸರಿಟ್ಟ, ಆ ದನ ಮೇಯೋಕೆ ಬಿಟ್ಟ ಕಾವಲುಗಳು ನಿಮ್ಮ ತಾಲೂಕಲ್ಲಿದ್ವು. ಅದರಲ್ಲಿ ಸಾವಿರಾರು ಎಕರೆ ಡಿಆರ್‌ಡಿಓ, ಐಐಎಸ್‌ಸಿ, ಬಾರ್ಕ್, ಇಸ್ರೋದಂಥ ವಿಜ್ಞಾನ ಸಂಸ್ಥೆಗಳಿಗೆ ಹೋಯ್ತು, ಕಾಂಪೌಂಡ್ ಎದ್ವು. ಹಂಗಾದ್ರೆ ಕಿಲಾರಿ ಹಾಡಲ್ಲಿ ಬರೋ ಹಳ್ಳ, ಗುಡ್ಡ, ರೊಪ್ಪ, ಎತ್ತು ಇಳಿಸ್ತಿದ್ದ ಜಾಗ, ಇವನ್ನ ವಯಸ್ಸಾದ ಕಿಲಾರಿ ಹೇಳಿದಂಗೇ ಮೊಮ್ಮಗ ಹೇಳ್ತಾನಾ? ಬಿಟ್ಟಿದ್ರೆ ಯಾವುದನ್ನ ಬಿಟ್ಟ, ಕಾಂಪೌಂಡ್ ಒಳಗೆ ಹೋದದ್ದನ್ನಾ, ಅಥವಾ ಬೇರೇದನ್ನಾ? ಇದು ಪ್ರಶ್ನೆ. ಇದಕ್ಕೆ ಉತ್ತರ ಹೌದು ಅಂತಲೂ ಬರಬಹುದು, ಅಲ್ಲ ಅಂತಲೂ ಬರಬಹುದು, ಎರಡರಲ್ಲಿ ಯಾವುದು ಬಂದ್ರೂ ಓದೋರಿಗೆ ಹೊಸ ವಿಷಯನೇ.

ಎನ್‌ಇಎಚ್‌ದು ಒಂದು ಪದ್ಧತಿ ಮಾತ್ರ ಕಲಿಯೋ ಅಂಥದ್ದು. ವಿವರಣೆಗೆ ಮೂರೇ ಪುಟ, ಗ್ರಂಥಸೂಚಿಗೆ ಒಂದು. ನೀವೂ ಮೂರು ಪುಟದಲ್ಲಿ ಬರ್ದು ನೋಡ್ರಿ. ಒಂದನೇ ಪ್ಯಾರಾದಲ್ಲಿ ಒಬ್ಬ ಕಿಲಾರಿ ಹೇಳಿದ ನಾಲ್ಕು ಸಾಲು ಹಾಕಿ, ಅದರಲ್ಲಿರೋ ಜಾಗ ಈಗ ಏನಾಗೈತಿ ಹೇಳಿ, ಪ್ರಶ್ನೆ ಇಡ್ರಿ. ಆಮೇಲೆ ಆಧಾರ: ನಿಮ್ಮ ರೆಕಾರ್ಡಿಂಗ್, ಶಾಸನಗಳ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದ ಚಿತ್ರದುರ್ಗ ಸಂಪುಟ, ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿ ಅಮೃತ್ ಮಹಲ್ ಇಲಾಖೆ ಕಡತ. ಕೊನೇಲಿ ಯಾವ ಆರು ತಿಂಗಳಲ್ಲಿ ಏನು ಮುಗಿಸ್ತೀರಿ, ಎತ್ತು ಯಾವಾಗ ಎಲ್ಲಿರ್ತಾವೆ ಅನ್ನೋದನ್ನ ಹೊಂದಿಸ್ಕೊಂಡು ಬರೀರಿ, ಸುಮ್ನೆ ಕ್ಯಾಲೆಂಡರ್ ಹಂಚಬೇಡ್ರಿ.

ಇನ್ನೊಂದು ಮಾತು, ಇದನ್ನ ಬಿಡೋ ಹಂಗೇ ಇಲ್ಲ. ಹಾಡಿದೋರ ಹೆಸರು, ಹಟ್ಟಿ, ದಿನಾಂಕ ಎಲ್ಲಾ ಬರ್ಕೊಳ್ರಿ, ಅವರು ಒಪ್ಪಿದ್ರೇ ಬಳಸ್ರಿ, ದೇವರ ಮುಂದೆ ಮಾತ್ರ ಹೇಳೋದು ಅಂದಿದ್ದನ್ನ ರೆಕಾರ್ಡ್ ಮಾಡ್ಬೇಡ್ರಿ. ರೆಕಾರ್ಡಿಂಗ್ ಪ್ರತಿ ಹಟ್ಟಿಗೇ ವಾಪಸ್ ಕೊಡ್ತೀನಿ ಅಂತ ಪ್ರಪೋಸಲ್‌ನಲ್ಲೇ ಬರೀರಿ, ಕೊಡ್ರಿ ಕೂಡ.

ಪ್ರಶ್ನೆ (ದಾವಣಗೆರೆಯಿಂದ):
ಮೇಡಂ, ನಮ್ಮ ತಾತ ಕಂಪನಿ ನಾಟಕದಲ್ಲಿ ಹಾರ್ಮೋನಿಯಂ ನುಡಿಸ್ತಿದ್ರು, ಹಳೇ ಹ್ಯಾಂಡ್‌ಬಿಲ್, ಹಾಡಿನ ಪುಸ್ತಕ ಒಂದು ಟ್ರಂಕ್ ತುಂಬ ಅದಾವೆ. ನಂಗೆ ಇಂಗ್ಲಿಷ್ ಅಷ್ಟು ಬರಲ್ಲ. ಏನಾದ್ರೂ ದಾರಿ ಐತಾ?

ಉತ್ತರ:
ಐತಿ. ಬೆಂಗಳೂರಲ್ಲಿ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಅಂತ ಸಂಸ್ಥೆ, ಕಲಾ ಸಂಶೋಧನೆಗೆ ವ್ಯಕ್ತಿಗಳಿಗೇ ಅನುದಾನ ಕೊಡ್ತಾರೆ, ಅರ್ಜಿ ಕನ್ನಡದಲ್ಲೇ ಬರೀಬಹುದು. ಚಿಂದೋಡಿ ಮನೆತನದೋರು ಕೆಬಿಆರ್ ನಾಟಕ ಕಂಪನಿ ಕಟ್ಟಿ ಬೆಳೆಸಿದ ಊರು ನಮ್ದು, ಆ ಟ್ರಂಕ್‌ನಲ್ಲಿ ಏನೈತೋ ಅದು ಬೇರೆಲ್ಲೂ ಇಲ್ದೇ ಇರಬಹುದು. ಅರ್ಜಿಗಿಂತ ಮೊದ್ಲು ಅದನ್ನ ತೇವ ಇಲ್ಲದ ಕಡೆ ಇಡ್ರಿ, ಹ್ಯಾಂಡ್‌ಬಿಲ್‌ಗೆ ಗೋಂದು ಟೇಪ್ ಹಚ್ಚಬೇಡ್ರಿ, ಒಂದೊಂದನ್ನೇ ಹಗಲು ಬೆಳಕಲ್ಲಿ ಫೋಟೋ ತೆಗೆದು ಊರು, ನಾಟಕ, ಟಿಕೆಟ್ ದರ ಪಟ್ಟಿ ಮಾಡ್ರಿ. ಪಟ್ಟಿ ಆದ್ಮೇಲೆ ಇಲ್ಲೇ ಹಾಕ್ರಿ, ಅದರಲ್ಲಿ ಯಾವ ಪ್ರಶ್ನೆ ಐತಿ ಕೂತು ನೋಡೋಣ.